ಮಧ್ಯಾಹ್ನ ಒಂದೂವರೆಗೆ ಅಲ್ಲಿ ಯಾರು ಕೂತಿರ್ತಾರೆ?

ಯುರೋಪಿನ ಊರುಗಳಲ್ಲಿ ನಾವು ಹೊಟ್ಟೆ ತುಂಬ ಉಣ್ಣುವುದು ಮಧ್ಯಾಹ್ನ. ರಾತ್ರಿಗೆ ಒಂದು ಸೂಪೋ, ಬ್ರೆಡ್ಡು ಚೀಸೋ ಸಾಕು. ಹೆಚ್ಚಿನ ಪ್ರವಾಸಿಗರದು ಇದರ ಉಲ್ಟಾ. ಹಗಲಿಡೀ ಸ್ಯಾಂಡ್‌ವಿಚ್ ಹಿಡಿದು ಚರ್ಚು, ಮ್ಯೂಸಿಯಂ ಸುತ್ತಿ, ರಾತ್ರಿ ಏಳಕ್ಕೆ ಹಸಿದುಕೊಂಡು ಚೌಕದ ಮೊದಲ ಹೋಟೆಲಿಗೆ ನುಗ್ಗುತ್ತಾರೆ. ಆ ಹೋಟೆಲಿನವನಿಗೆ ಗೊತ್ತು, ಈ ಗಿರಾಕಿ ಮತ್ತೆ ಈ ಜನ್ಮದಲ್ಲಿ ಬರುವುದಿಲ್ಲ ಅಂತ. ಅಡುಗೆಯೂ ಹಾಗೇ ಇರುತ್ತದೆ.

ಮಧ್ಯಾಹ್ನದ ಲೆಕ್ಕವೇ ಬೇರೆ. ಆಗ ಊಟಕ್ಕೆ ಬರುವವರು ಅದೇ ಬೀದಿಯ ಅಂಗಡಿಯವರು, ಆಫೀಸಿನವರು, ಬಣ್ಣ ಬಳಿಯುವವರು. ನಾಳೆಯೂ ಬರುವವರು. ಅವರಿಗೆ ಕೆಟ್ಟ ಊಟ ಹಾಕಿ ಯಾರೂ ಅಂಗಡಿ ನಡೆಸಲಾರರು.

ನಾವಿರುವುದು ಫ್ರಾಂಕ್‌ಫರ್ಟ್ ಹತ್ತಿರ. ಹಾಗಾಗಿ ರಜೆ ಸಿಕ್ಕರೆ ರೈಲೋ, ಅಗ್ಗದ ವಿಮಾನವೋ ಹತ್ತುವುದು ಸುಲಭ. ನಾನು ಮಂಗಳೂರಿನವಳು, ಮೀನು ಬೇಕೇ ಬೇಕು. ನಮ್ಮನೆಯವರು ಮೊಟ್ಟೆವರೆಗೆ ಬರುತ್ತಾರೆ, ಅದರಾಚೆ ಒಂದು ಹೆಜ್ಜೆ ಇಡುವುದಿಲ್ಲ. ಇಬ್ಬರಿಗೂ ಒಂದೇ ಮೇಜಿನಲ್ಲಿ ಊಟ ಸಿಗಬೇಕು. ಸುಮ್ನೆ ಸ್ಟಾರ್ ನೋಡಿಕೊಂಡು ಹೋದರೆ ನಮಗೆ ಆಗುವುದಿಲ್ಲ.

ಫೋನಿನ ಮ್ಯಾಪಿನಲ್ಲಿ ನಾನು ಮೊದಲು ನೋಡುವುದು ಸ್ಟಾರ್ ಅಲ್ಲ, ಯಾವ ಹೊತ್ತಿಗೆ ಎಷ್ಟು ಜನ ಅಂತ ತೋರಿಸುವ ಆ ಸಣ್ಣ ಕಂಬಗಳ ಚಿತ್ರ. ಮ್ಯಾಡ್ರಿಡ್‌ನವರು ಮಧ್ಯಾಹ್ನ ಉಣ್ಣುವುದು ಎರಡರ ಮೇಲೆ, ರಾತ್ರಿ ಒಂಬತ್ತರ ಮೇಲೆ. ಅಲ್ಲಿನ ಒಂದು ಹೋಟೆಲಿನಲ್ಲಿ ಸಂಜೆ ಏಳಕ್ಕೆ ಕಂಬ ಎತ್ತರಕ್ಕೆ ಹೋಗಿದ್ದರೆ ಅಲ್ಲಿ ಕೂತವರು ನಮ್ಮಂಥವರೇ. ಎರಡೂವರೆಗೆ ಎತ್ತರವಿದ್ದರೆ ಊರಿನವರು. ಆಮೇಲೆ ಬಾಗಿಲು ತೆರೆಯುವ ಸಮಯ ನೋಡುತ್ತೇನೆ. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಮಾತ್ರ ಅಂತ ಇದ್ದರೆ ನನಗೆ ಅರ್ಧ ಖಾತ್ರಿ. ವಿಮರ್ಶೆಗಳಲ್ಲಿ ಆ ಊರಿನ ಭಾಷೆಯವನ್ನೇ ಓದುತ್ತೇನೆ, ಹೊಸದರಿಂದ ಶುರು ಮಾಡಿ. ಅನುವಾದದ ಬಟನ್ ಹೇಗೂ ಇದೆ. 'ವೇಟರ್ ತುಂಬ ಒಳ್ಳೆಯವರು' ಅಂತ ಬರೆದದ್ದನ್ನು ಬಿಟ್ಟುಬಿಡಿ. 'ಈ ಸಲ ಬೇಳೆ ಸ್ವಲ್ಪ ಉಪ್ಪಾಗಿತ್ತು' ಅಂತ ಗೊಣಗಿದವನ ಮಾತು ಕೇಳಿ, ಅವನು ಅಲ್ಲಿಗೆ ಪದೇಪದೇ ಹೋಗುವವನು.

ಇಂಗ್ಲಿಷ್ ಮೆನು ಇದ್ದರೆ ಕೆಟ್ಟ ಜಾಗ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಈಗ ಒಳ್ಳೆಯ ಜಾಗಗಳಲ್ಲೂ ಇರುತ್ತದೆ. ಬಾಗಿಲಲ್ಲಿ ನಿಂತು ಕೈ ಹಿಡಿದು ಕರೆಯುವವನಿದ್ದರೆ ಮಾತ್ರ ಮುಂದೆ ನಡೆಯಿರಿ.

ಸ್ಪೇನಿನಲ್ಲಿ ಮಧ್ಯಾಹ್ನದ ಊಟಕ್ಕೆ 'ಮೆನು ದೆಲ್ ದಿಯಾ', ಅಂದರೆ ಆ ದಿನದ ಊಟ, ಇದೆ. 1960ರ ದಶಕದಲ್ಲಿ, ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಪ್ರವಾಸಿಗರಿಗೆ ನಿಗದಿತ ಬೆಲೆಯ ಊಟ ಕೊಡಿ ಅಂತ ಹೋಟೆಲುಗಳಿಗೆ ಹೇಳಿದ್ದರಿಂದ ಶುರುವಾದದ್ದು. ಪ್ರವಾಸಿಗರಿಗೆ ಅಂತ ಬಂದದ್ದು ಕೊನೆಗೆ ಕೆಲಸಕ್ಕೆ ಹೋಗುವವರ ಊಟವಾಯಿತು. ಮೊದಲೊಂದು ತಿನಿಸು, ಎರಡನೆಯದೊಂದು, ಸಿಹಿ ಅಥವಾ ಕಾಫಿ, ಬ್ರೆಡ್ಡು, ಕುಡಿಯಲು ಒಂದು. ಎಲ್ಲ ಸೇರಿ ಹದಿನೈದು ಯೂರೋ ಆಸುಪಾಸು. ಮ್ಯಾಡ್ರಿಡ್‌ನಲ್ಲಾದರೆ ಪ್ರವಾಸಿಗರು ತುಂಬುವ ಪ್ಲಾಸಾ ಮಯೋರ್ ಚೌಕದ ಸುತ್ತ ಹುಡುಕಬೇಡಿ, ಮೆಟ್ರೋ ಹತ್ತಿ ಚಂಬೆರಿ ಬಡಾವಣೆ ಕಡೆ ಹೋಗಿ, ಬಾಗಿಲ ಹತ್ತಿರದ ಹಲಗೆ ಓದಿ. ಸಸ್ಯಾಹಾರಿಗಳು ಮಾತ್ರ ಹುಷಾರಾಗಿರಬೇಕು. ಅಲ್ಲಿ ಮಿಶ್ರ ಸಲಾಡ್ ಅಂದರೆ ಮೇಲೆ ಟ್ಯೂನಾ ಮೀನು ಇರುವುದೇ ಜಾಸ್ತಿ. ಬೀನ್ಸಿಗೆ ಹಂದಿಮಾಂಸದ ಚೂರು. 'ವೆಜಿಟೇಬಲ್' ಅಂತ ಹೆಸರಿರುವ ಸ್ಯಾಂಡ್‌ವಿಚ್ಚಿನಲ್ಲೂ ಟ್ಯೂನಾ ಸಿಗುತ್ತದೆ! ಹಾಗಾಗಿ ನಮ್ಮನೆಯವರು 'ಸಿನ್ ಹಮೋನ್, ಸಿನ್ ಅತೂನ್' ಅಂತ, ಅಂದರೆ ಹಂದಿ ಬೇಡ, ಟ್ಯೂನಾ ಬೇಡ ಅಂತ, ಮಂತ್ರದ ಹಾಗೆ ಬಾಯಿಪಾಠ ಮಾಡಿದ್ದಾರೆ. ಆಲೂಗಡ್ಡೆ ಆಮ್ಲೆಟ್ ಎಲ್ಲ ಕಡೆ ಸಿಗುವುದರಿಂದ ಉಪವಾಸ ಬಿದ್ದದ್ದಿಲ್ಲ.

ನನಗೆ ಅತಿ ಇಷ್ಟ ಲಿಸ್ಬನ್. ಅಲ್ಲಿನ ಸಣ್ಣ ಊಟದ ಮನೆಗೆ 'ಟಾಶ್ಕಾ' ಅನ್ನುತ್ತಾರೆ. ಮೇಜಿಗೆ ಕಾಗದದ ಹಾಸು, ಗೋಡೆಯ ಮೇಲೆ ಟಿವಿ. ಆ ದಿನದ ಅಡುಗೆ ಏನು ಅಂತ ಪೆನ್ನಿನಲ್ಲಿ ಬರೆದು ಕಿಟಕಿಗೆ ಅಂಟಿಸಿರುತ್ತಾರೆ. ನಾನು ಕಿಟಕಿ ಕಿಟಕಿ ಓದಿಕೊಂಡು ನಡೆಯುತ್ತೇನೆ. ಹಳದಿ ಟ್ರಾಮ್ 28 ಹತ್ತಲು ಪ್ರವಾಸಿಗರು ಸಾಲು ನಿಲ್ಲುತ್ತಾರಲ್ಲ, ಅದು ಹೋಗಿ ನಿಲ್ಲುವುದು ಕಾಂಪು ದ ಓರಿಕ್ ಬಡಾವಣೆಯಲ್ಲಿ. ಹೆಚ್ಚಿನವರು ಅಲ್ಲಿ ಇಳಿದು, ಫೋಟೋ ತೆಗೆದು, ವಾಪಸ್ ಹತ್ತುತ್ತಾರೆ. ನೀವು ಇಳಿದು ನಾಲ್ಕು ಬೀದಿ ನಡೆಯಿರಿ. ಜನ ಸಂಸಾರ ಮಾಡಿಕೊಂಡಿರುವ ಬಡಾವಣೆ, ಮಾರ್ಕೆಟ್ ಇದೆ, ಊಟದ ಜಾಗಗಳೂ ಇವೆ.

ಕೂತ ಕೂಡಲೇ ಬ್ರೆಡ್ಡು, ಆಲಿವ್, ಚೀಸ್ ತಂದಿಡುತ್ತಾರೆ. ಅದು ಪುಕ್ಕಟೆ ಅಲ್ಲ. ಬೇಡದಿದ್ದರೆ ಮುಟ್ಟಬೇಡಿ, ತೆಗೆದುಕೊಂಡು ಹೋಗಿ ಅನ್ನಿ. ಕೇಳದೆ ಇಟ್ಟದ್ದನ್ನು ನೀವು ತಿನ್ನದಿದ್ದರೆ ದುಡ್ಡು ಕೇಳುವ ಹಾಗಿಲ್ಲ, ಅಲ್ಲಿ ಕಾನೂನೇ ಇದೆ. ಇದನ್ನು ಮೋಸ ಅಂತ ಬೈಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ, ಊರಿನವರಿಗೂ ಅದೇ ಪದ್ಧತಿ. ಇನ್ನೊಂದು, ಅನೇಕ ಕಡೆ 'ಮೇಯ ದೋಸ್', ಅಂದರೆ ಅರ್ಧ ಪ್ಲೇಟ್, ಸಿಗುತ್ತದೆ. ಆ ಅರ್ಧವೇ ನನಗೆ ಜಾಸ್ತಿ.

ಮೀನಿನ ವಿಷಯಕ್ಕೆ ಬಂದರೆ ನಾನು ತಿಂಗಳು ನೋಡುತ್ತೇನೆ. ಬೂತಾಯಿ, ಅಂದರೆ ಸಾರ್ಡಿನ್, ಅಲ್ಲಿ ಕೊಬ್ಬಿ ರುಚಿಯಾಗುವುದು ಬೇಸಿಗೆಯಲ್ಲಿ. ಜೂನ್ 12ರ ರಾತ್ರಿ, ಸಂತ ಅಂತೋನಿಯ ಹಬ್ಬಕ್ಕೆ, ಹಳೇ ಬಡಾವಣೆಗಳ ಬೀದಿಯಲ್ಲೆಲ್ಲ ಕೆಂಡದ ಮೇಲೆ ಸುಡುತ್ತಾರೆ. ಮಸಾಲೆ ಇಲ್ಲ, ಬರೀ ಕಲ್ಲುಪ್ಪು. ನಮ್ಮಮ್ಮನಿಗೆ ಹೇಳಿದರೆ 'ಅದೆಂಥ ಮೀನು ಮಾರಾಯ್ತಿ' ಅನ್ನಬಹುದು, ಆದರೆ ತಿಂದರೆ ಗೊತ್ತಾಗುತ್ತದೆ. ಜನವರಿಯಲ್ಲಿ 'ತಾಜಾ ಸಾರ್ಡಿನ್' ಅಂತ ಬೋರ್ಡ್ ಕಂಡರೆ ನಾನು ಆ ಬಾಗಿಲು ಹತ್ತುವುದಿಲ್ಲ. ಫ್ರಿಜ್ಜಿನಿಂದ ಬಂದದ್ದೇ ಇರಬೇಕು. ಇವರಿಗೆ ಅಲ್ಲಿ 'ಪೆಯಿಶಿನ್ಯುಶ್ ದ ಓರ್ತ', ಬೀನ್ಸನ್ನು ಇಡಿಯಾಗಿ ಹಿಟ್ಟಲ್ಲಿ ಅದ್ದಿ ಕರಿದದ್ದು. ಎಲೆಕೋಸಿನ ಹಸಿರು ಸೂಪು ಚೆನ್ನಾಗಿರುತ್ತದೆ, ಆದರೆ ಮೇಲೆ ಒಂದು ಬಿಲ್ಲೆ ಸಾಸೇಜ್ ಹಾಕುತ್ತಾರೆ. ಬೇಡ ಅಂದರೂ ಕೆಲವು ಕಡೆ ಸಾಸೇಜನ್ನು ಸೂಪಿನಲ್ಲೇ ಬೇಯಿಸಿರುತ್ತಾರೆ, ಮೊದಲೇ ಕೇಳಬೇಕು.

ರೋಮ್‌ನಲ್ಲಿ ನಮ್ಮ ಜಾಗ ಟೆಸ್ಟಾಚೊ. 1975ರವರೆಗೆ ಊರಿನ ಕಸಾಯಿಖಾನೆ ಅಲ್ಲಿತ್ತು. ಅಲ್ಲಿನ ಕೆಲಸಗಾರರಿಗೆ ಸಿಗುತ್ತಿದ್ದ ಕರುಳು, ನಾಲಿಗೆ, ಬಾಲದಿಂದಲೇ ಬಡಾವಣೆಯ ಅಡುಗೆ ಬೆಳೆದದ್ದು. ಇಂಥ ಕಡೆಗೆ ಸಸ್ಯಾಹಾರಿಯನ್ನು ಕರೆದುಕೊಂಡು ಹೋಗುತ್ತೀಯಾ ಅಂತ ನೀವು ಕೇಳಬಹುದು. ಅಲ್ಲೇ ಇವರಿಗೆ ಅತಿ ಚೆನ್ನಾಗಿ ಸಿಗುವುದು! ಚೀಸು ಮತ್ತು ಕರಿಮೆಣಸಿನ ಪಾಸ್ತಾ 'ಕಾಚೊ ಎ ಪೆಪೆ', ಬೆಳ್ಳುಳ್ಳಿ ಒಣಮೆಣಸು ಹಾಕಿ ಬಾಡಿಸಿದ ಚಿಕೋರಿ ಸೊಪ್ಪು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಪ್ಪ ದುಂಡನೆಯ ಆರ್ಟಿಚೋಕ್ ಅನ್ನುವ ಮೊಗ್ಗಿನ ತರಕಾರಿ. ಆ ಪಾಸ್ತಾಗೆ ಹಾಕುವ ಪೆಕೊರಿನೊ ಚೀಸಿಗೆ ಹಾಲು ಒಡೆಸಲು ಕುರಿಮರಿಯ ಹೊಟ್ಟೆಯ ರೆನೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಗಮನಿಸಿ.

ರೋಮ್‌ನಲ್ಲಿ ವಾರದ ಕೆಲವು ದಿನಕ್ಕೆ ಇಂಥದೇ ಅಡುಗೆ ಅಂತ ಗೊತ್ತಿದೆ. ಗುರುವಾರ ಆಲೂಗಡ್ಡೆಗೆ ಹಿಟ್ಟು ಕಲಸಿ ಮಾಡುವ ಸಣ್ಣ ಉಂಡೆ, ನ್ಯೋಕಿ, ಶುಕ್ರವಾರ ಮೀನು, ಶನಿವಾರ ದನದ ಹೊಟ್ಟೆಯ ಭಾಗ, ಟ್ರಿಪ್ಪಾ. ಗುರುವಾರ ಮಾತ್ರ ನ್ಯೋಕಿ ಮಾಡುವ ಹೋಟೆಲ್ ಕಂಡರೆ ಕಣ್ಣು ಮುಚ್ಚಿ ಕೂರಿ. ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಅದು ಫ್ರೋಜನ್ ಅಂತ ಅರ್ಥ. ಇಟಲಿಯಲ್ಲಿ ಹಾಗೆ ತಿಳಿಸಲೇಬೇಕು. ಪುಟದ ತುಂಬ ನಕ್ಷತ್ರ ಇದ್ದರೆ ಎದ್ದು ಬನ್ನಿ.

ಆ ಬಡಾವಣೆಯ ಮಾರ್ಕೆಟ್ಟಿನಲ್ಲಿ ತರಕಾರಿಯಮ್ಮನ ಹತ್ತಿರ ಕಾಲು ಕಿಲೋ ಟೊಮೇಟೊ ತಗೊಂಡು, 'ದೋವೆ ಮಾಂಜಾ ಲೇಯಿ?' ಅಂತ ಕೇಳಿದೆ. ನೀವು ಎಲ್ಲಿ ಉಣ್ತೀರಿ ಅಂತ. ಒಳ್ಳೆಯ ಹೋಟೆಲ್ ಯಾವುದು ಅಂತ ಕೇಳಿದರೆ ಜನ ನಮ್ಮನ್ನು ನೋಡಿ ಉತ್ತರ ಕೊಡುತ್ತಾರೆ. ನೀವೆಲ್ಲಿ ಉಣ್ತೀರಿ ಅಂದರೆ ತಮ್ಮ ಜಾಗ ಹೇಳುತ್ತಾರೆ. ಆಕೆ ಮಾತಾಡಲೇ ಇಲ್ಲ, ಮಾರ್ಕೆಟ್ಟಿನ ಒಳಗೇ ಇದ್ದ ಒಂದು ಕೌಂಟರ್ ಕಡೆ ಗಲ್ಲ ಎತ್ತಿ ತೋರಿಸಿದರು. ಹನ್ನೆರಡೂವರೆಗೇ ಅಲ್ಲಿ ಸಾಲು ಇತ್ತು.

ಪ್ಯಾರಿಸ್ ಬಗ್ಗೆ ಎರಡೇ ಮಾತು. ಎರಡು ಗಂಟೆಯೊಳಗೆ ಕೂತುಬಿಡಿ, ಆಮೇಲೆ ಬಹಳ ಕಡೆ ಒಲೆ ಆರಿಸುತ್ತಾರೆ. ನೀರಿಗೆ 'ಕರಾಫ್ ದೋ' ಅನ್ನಿ, ನಲ್ಲಿ ನೀರು ಪುಕ್ಕಟೆ ಬರುತ್ತದೆ. ವಿಯೆನ್ನಾದಲ್ಲೂ ವಾರದ ದಿನಗಳಲ್ಲಿ ಮಧ್ಯಾಹ್ನದ ಅಗ್ಗದ ಊಟ ಇದೆ, 'ಮಿಟ್ಟಾಗ್ಸ್‌ಮೆನ್ಯು' ಅಂತ ಹುಡುಕಿ.

ಈ ಮಧ್ಯಾಹ್ನದ ಉಪಾಯ ನಡೆಯದ ದಿನಗಳೂ ಇವೆ. ಭಾನುವಾರ ಕೆಲಸದವರಿಲ್ಲ, ಅವರ ಹೋಟೆಲೂ ಇಲ್ಲ. ಆಗಸ್ಟ್ ಮಧ್ಯದಲ್ಲಂತೂ ರೋಮ್‌ನಲ್ಲೂ ಪ್ಯಾರಿಸ್‌ನಲ್ಲೂ ಒಳ್ಳೆಯ ಜಾಗಗಳು ರಜೆಯ ಚೀಟಿ ಅಂಟಿಸಿ ಬೀಗ ಹಾಕುತ್ತವೆ. ತೆರೆದಿರುವುದು ಪ್ರವಾಸಿಗರ ಜಾಗಗಳೇ ಹೆಚ್ಚು. ಅಂಥ ದಿನ ನಾವು ಹೋಟೆಲ್ ಹುಡುಕುವುದೇ ಇಲ್ಲ. ಶನಿವಾರವೇ ಮಾರ್ಕೆಟ್ಟಿನಿಂದ ಬ್ರೆಡ್ಡು, ಚೀಸು, ಹಣ್ಣು ತಂದಿಡುತ್ತೇವೆ. ರೋಮ್ ಆದರೆ ಕತ್ತರಿಸಿ ತೂಕಕ್ಕೆ ಮಾರುವ ಪಿಜ್ಜಾ ಅಂಗಡಿ ಯಾವುದಾದರೂ ತೆರೆದಿರುತ್ತದೆ. ಇವರಿಗೆ ಆಲೂಗಡ್ಡೆಯದ್ದು, ನನಗೆ ಆಂಚೊವಿ ಮೀನಿನದ್ದು.