ಆಟೋಮ್ಯಾಟಿಕ್ ಕಾರಿದ್ದರೂ ಘಟ್ಟದಲ್ಲಿ ಗೇರ್ ನೀವೇ ಹಾಕಿ

ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದ ಬುಡದಲ್ಲಿ ರಸ್ತೆ ಬದಿಗೆ ನಿಂತ ಕಾರು, ಚಕ್ರದಿಂದ ಸುಟ್ಟ ವಾಸನೆ, ಬಾಟಲಿ ನೀರು ಹಿಡಿದು ಬಗ್ಗಿದ ಒಬ್ಬರು. ಈ ದಾರಿಯಲ್ಲಿ ಓಡಾಡುವವರಿಗೆ ಇದು ಹೊಸದಲ್ಲ. ಕಳೆದ ಮೇ ತಿಂಗಳಲ್ಲಿ ಹಾಗೆ ನಿಂತಿದ್ದು ನನ್ನ ಬಾವನೇ. ಶಿರಸಿಯಿಂದ ಗೇರ್ ಲಿವರ್ ಮುಟ್ಟಿಯೇ ಇರಲಿಲ್ಲ. ಕೇಳಿದರೆ, "ಆಟೋಮ್ಯಾಟಿಕ್ ಅಲ್ವಾ ಮಾರಾಯ, ಅದೇ ನೋಡ್ಕೊಳ್ತದೆ" ಎಂದ.

ನೋಡಿಕೊಳ್ಳುವುದಿಲ್ಲ. ಮುಂದೆ ತಿರುವಿದೆ ಎಂದು ಗೇರ್‌ಬಾಕ್ಸಿಗೆ ಕಾಣುವುದಿಲ್ಲ. ನೀವು ಅಕ್ಸಿಲರೇಟರಿನಿಂದ ಕಾಲು ತೆಗೆದರೆ, ಇಂಜಿನ್ನಿಗೆ ಕೆಲಸ ಕಡಿಮೆಯಾಯಿತು ಅಂದುಕೊಂಡು ಎಷ್ಟೋ ಕಾರುಗಳು ಮೇಲಿನ ಗೇರಿಗೆ ಹೋಗುತ್ತವೆ. ಇಳಿಜಾರಿನಲ್ಲಿ ಬೇಕಾದ್ದು ಇದರ ಉಲ್ಟಾ, ಕೆಳಗಿನ ಗೇರ್. ಆಗ ಇಂಜಿನ್ನೇ ಕಾರನ್ನು ಹಿಡಿಯುತ್ತದೆ, ಬ್ರೇಕ್ ಅಷ್ಟು ಬಿಸಿಯಾಗುವುದಿಲ್ಲ. (ಬಿಸಿಯಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಮಾತ್ರ ಸುರಿಯಬೇಡಿ, ಅದು ಸೊಟ್ಟಗಾಗುತ್ತದೆ. ಸುಮ್ನೆ ಅರ್ಧ ತಾಸು ನಿಲ್ಲಿಸಿ.)

ಮೊದಲು ನಿಮ್ಮ ಕಾರಿನ ಲಿವರ್ ನೋಡಿ. ಎಎಂಟಿ, ಅಂದರೆ ಕ್ಲಚ್ ಕೆಲಸವನ್ನು ಯಂತ್ರವೇ ಮಾಡುವ ಸಣ್ಣ ಕಾರುಗಳಲ್ಲಿ ಎಂ (ಮ್ಯಾನುವಲ್, ಗೇರ್ ನೀವೇ ಹಾಕುವುದು) ಮತ್ತು ಅದರ ಹತ್ತಿರ ಪ್ಲಸ್, ಮೈನಸ್ ಗುರುತು ಇರುತ್ತದೆ. ಪ್ಲಸ್ ಅಂದರೆ ಮೇಲಿನ ಗೇರ್, ಮೈನಸ್ ಅಂದರೆ ಕೆಳಗಿನದು. ಕೆಲವು ಕಾರುಗಳಲ್ಲಿ ಸ್ಟೇರಿಂಗ್ ಹಿಂದೆ ಗೇರ್ ಬದಲಿಸುವ ಪ್ಯಾಡಲ್ ಇರುತ್ತದೆ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ನಿಜವಾದ ಗೇರುಗಳೇ ಇಲ್ಲ, ಬೆಲ್ಟ್ ಮತ್ತು ಪುಲ್ಲಿ ಅಷ್ಟೆ. ಅದರಲ್ಲಿ ಎಲ್ ಅಥವಾ ಎಸ್ ಇದ್ದರೆ ಇಳಿಜಾರಿಗೆ ಅದನ್ನೇ ಬಳಸಿ. ಪ್ಲಸ್ ಮುಂದಕ್ಕೋ ಹಿಂದಕ್ಕೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಮನೆಯ ಅಂಗಳದಲ್ಲೇ ನೋಡಿಕೊಳ್ಳಿ, ತಿರುವಿನಲ್ಲಿ ಅಲ್ಲ.

ಡಿ (ಡ್ರೈವ್, ಕಾರೇ ಗೇರ್ ಹಾಕುವುದು) ಇಂದ ಎಂಗೆ ಹಾಕಲು ಕಾರು ನಿಲ್ಲಿಸಬೇಕಿಲ್ಲ. ಮೀಟರಿನಲ್ಲಿ ಗೇರಿನ ಅಂಕಿ ಬಂದರೆ ಆಯಿತು. ಎಎಂಟಿಯಲ್ಲಿ ಪ್ಲಸ್ ಒತ್ತುವಾಗ ಅಕ್ಸಿಲರೇಟರಿನಿಂದ ಕಾಲನ್ನು ಸ್ವಲ್ಪ ಸಡಿಲಿಸಿ, ತಲೆ ಮುಂದಕ್ಕೆ ಜಗ್ಗುವುದು ಕಡಿಮೆಯಾಗುತ್ತದೆ.

ಹತ್ತುವುದು ಸುಲಭ. ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡು ಕಾರು ಎರಡು ಮೂರರ ನಡುವೆ ಒದ್ದಾಡುತ್ತಿದ್ದರೆ ಎರಡರಲ್ಲೇ ಹಿಡಿದಿಡಿ.

ಇಳಿಯುವುದರಲ್ಲೇ ಎಲ್ಲರೂ ಎಡವುವುದು. ನಾನು ದೇವಿಮನೆಯಲ್ಲಿ ದೇವಿಗೆ ಕೈ ಮುಗಿದ ಕೂಡಲೇ ಎಂಗೆ ಹಾಕುತ್ತೇನೆ, ಇಳಿಜಾರು ಶುರುವಾಗುವ ಮೊದಲೇ. ಹಳೇ ಲಾರಿ ಡ್ರೈವರುಗಳ ಲೆಕ್ಕ ಇದಕ್ಕೂ ಸಾಕು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಿರಿ. ದೊಡ್ಡ ತಿರುವು ಕಂಡರೆ ನೇರ ರಸ್ತೆಯಲ್ಲಿರುವಾಗಲೇ ಬ್ರೇಕ್ ಒತ್ತಿ ವೇಗ ಇಳಿಸಿ. ಆಮೇಲೆ ಒಂದು ಮೈನಸ್. ಸ್ಟೇರಿಂಗ್ ತಿರುಗಿಸುವುದು ಕೊನೆಗೆ. ಜನ ಮಾಡುವುದು ಉಲ್ಟಾ. ತಿರುವಿನ ನಡುವೆ ಹೆದರಿ ಎರಡು ಸಲ ಮೈನಸ್ ಎಳೆಯುತ್ತಾರೆ. ಮಳೆಗಾಲದಲ್ಲಿ ಹಾಗೆ ಮಾಡಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರುತ್ತದೆ. ಒಂದೊಂದೇ ಗೇರ್ ಇಳಿಸಿ. ನನ್ನ ಸಣ್ಣ ಪೆಟ್ರೋಲ್ ಕಾರಿನಲ್ಲಿ ಬಿಗಿ ತಿರುವುಗಳಿಗೆ ಎರಡನೇ ಗೇರ್, ಗಂಟೆಗೆ 30 ಕಿಲೋಮೀಟರ್ ಆಸುಪಾಸು.

ಇಂಜಿನ್ ಗುಂಯ್ ಎನ್ನುತ್ತದೆ. ಗಾಬರಿ ಬೇಡ. ಕಾರನ್ನು ಹಿಡಿದು ನಿಲ್ಲಿಸುವ ಸದ್ದು ಅದು. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ ಆರ್‌ಪಿಎಂ ಸೂಜಿ 3,500ಕ್ಕೆ ಹೋದರೂ ಪೆಟ್ರೋಲ್ ಇಂಜಿನ್ನಿಗೆ ಏನೂ ಆಗುವುದಿಲ್ಲ, ಕೆಂಪು ಗೆರೆ ಇನ್ನೂ ದೂರ ಇರುತ್ತದೆ. ವೇಗ ಜಾಸ್ತಿ ಇದ್ದಾಗ ಮೈನಸ್ ಒತ್ತಿದರೆ ಕಾರೇ ಒಪ್ಪುವುದಿಲ್ಲ. ಆಗ ಮತ್ತೆ ಮತ್ತೆ ಎಳೆಯಬೇಡಿ, ಮೊದಲು ಬ್ರೇಕ್. ಬ್ರೇಕನ್ನೂ ಉದ್ದಕ್ಕೆ ಒತ್ತಿ ಹಿಡಿಯಬೇಡಿ. ಒತ್ತಿ, ವೇಗ ಇಳಿದ ಮೇಲೆ ಪೂರ್ತಿ ಬಿಡಿ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವವರು ಈಗಲೂ ಇದ್ದಾರೆ. ಉಳಿಯುವುದೇ ಇಲ್ಲ. ಈಗಿನ ಇಂಜಿನ್‌ಗಳು ಗೇರಿನಲ್ಲಿದ್ದು ಅಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತಿರುಗಲು ಅದು ಬೇಕೇ ಬೇಕು. ಮೇಲಾಗಿ ಇಡೀ ಭಾರ ಬ್ರೇಕಿನ ಮೇಲೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ತಾಪತ್ರಯ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ತೇವ ಹಿಡಿದರೆ ಈ ಮಿತಿ 155ಕ್ಕೆ ಬಂದೀತು. ಘಟ್ಟದಲ್ಲಿ ಅದು ಕುದಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಸರ್ವಿಸ್‌ನವರು ಹೇಳದಿದ್ದರೂ.

ಸ್ಟೇರಿಂಗಿಗೆ ಅಂಟಿಸುವ ಪ್ಯಾಡಲ್ ತುಂಡುಗಳನ್ನು ತರಿಸಬೇಡಿ. ನಾನು ತರಿಸಿದ್ದೆ, ಬಿಸಿಲಿಗೆ ಅಂಟು ಕರಗಿ ಎಡಗಡೆಯದು ತೊಡೆ ಮೇಲೆ ಬಿತ್ತು. ಹೊಳೆಯುವ ಲೋಹದ ಪೆಡಲ್ ಕವರ್ ಇನ್ನೂ ಕೆಟ್ಟದ್ದು, ಒದ್ದೆ ಚಪ್ಪಲಿಗೆ ಜಾರುತ್ತದೆ.

ಘಟ್ಟ ಇಳಿದ ಮೇಲೆ ಸಿಗುವ ಕತಗಾಲ ಬರುವಷ್ಟರಲ್ಲಿ ಲಿವರ್ ವಾಪಸ್ ಡಿಗೆ ಹಾಕಿ. ಬಾವ ಈಗ ಘಟ್ಟದಲ್ಲಿ ಚೆನ್ನಾಗಿ ಇಳಿಸುತ್ತಾನೆ, ಇದೊಂದನ್ನು ಮರೆಯುತ್ತಾನೆ. ಮೊನ್ನೆ ಮೂರನೇ ಗೇರಿನಲ್ಲೇ ಕುಮಟಾ ಪೇಟೆವರೆಗೂ ಬಂದು, ಕಾರು ಯಾಕೋ ಕೂಗುತ್ತಿದೆ ನೋಡು ಎಂದ.