1951ರ ಪಿಕಪ್‌ಗೆ ಡೀಸೆಲ್ ಎಂಜಿನ್ ಕೂರಿಸಿದ್ದು

ಎಂಜಿನ್ ಕೂರಿಸಲು ನನಗೆ ಹಿಡಿದದ್ದು ಎರಡು ವಾರಾಂತ್ಯ. ಅದರ ಜೊತೆ ಉಳಿದ ಗಾಡಿಯನ್ನು ಒಗ್ಗಿಸಲು ಹಿಡಿದದ್ದು ಹದಿನಾಲ್ಕು ತಿಂಗಳು.

ಗಾಡಿ 1951ರ ಷೆವರ್ಲೆ 3100, ಅರ್ಧ ಟನ್ನಿನ ಪಿಕಪ್. ಮೂಲ ಎಂಜಿನ್ ಸುಮಾರು ಮೂರೂವರೆ ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಶಕ್ತಿ 90 ಅಶ್ವಶಕ್ತಿಯ ಆಸುಪಾಸು. ಕನೆಕ್ಟಿಂಗ್ ರಾಡ್‌ಗಳಿಗೆ ಬ್ಯಾಬಿಟ್ ಎಂಬ ಮೆತ್ತನೆಯ ಲೋಹ ಎರಕ ಹೊಯ್ದ ಬೇರಿಂಗ್. ರಾಡಿನ ಬುಡದಲ್ಲಿರುವ ಪುಟ್ಟ ಸೌಟಿನಂಥ ಭಾಗ ಎಣ್ಣೆಯನ್ನು ಎರಚಿಕೊಂಡು ಆ ಬೇರಿಂಗನ್ನು ಒದ್ದೆ ಮಾಡಿಕೊಳ್ಳಬೇಕು. ನನ್ನದರಲ್ಲಿ ಎರಡು ಬೇರಿಂಗ್ ಕರಗಿಹೋಗಿದ್ದವು.

ಬದಲಿಗೆ ಆರಿಸಿದ್ದು ಕಮಿನ್ಸ್ 4ಬಿಟಿ: 3.9 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ, 105 ಅಶ್ವಶಕ್ತಿ. ಇನ್ನೂ ಹೊಸ ಕಾಮನ್ ರೈಲ್ ಎಂಜಿನ್‌ಗಳು ಇದಕ್ಕಿಂತ ಸದ್ದಿಲ್ಲದವು, ಹೊಗೆಯೂ ಕಡಿಮೆ. ಆದರೆ ಅವುಗಳ ಸೆನ್ಸರು, ಕಂಪ್ಯೂಟರು, ಹಗ್ಗದಷ್ಟು ದಪ್ಪದ ತಂತಿ ಕಟ್ಟು, ಇವೆಲ್ಲವನ್ನೂ ಆರು ವೋಲ್ಟಿನಲ್ಲಿ ಬದುಕಿದ ಗಾಡಿಗೆ ಹೊಂದಿಸುವ ಧೈರ್ಯ ನನಗೆ ಬರಲಿಲ್ಲ. ಈ ಎಂಜಿನ್‌ನ ಯಾಂತ್ರಿಕ ಪಂಪಿಗೆ ಬೇಕಾದದ್ದು ಒಂದೇ ತಂತಿ, ಡೀಸೆಲ್ ತಡೆಯುವ ಸೊಲೆನಾಯ್ಡ್‌ಗೆ. ಹನ್ನೆರಡು ವೋಲ್ಟಿಗೆ ಬದಲಾಯಿಸಿದ್ದು ಹೇಗಿದ್ದರೂ ಸ್ಟಾರ್ಟರಿಗಾಗಿ.

ಮೊದಲ ತೊಡಕು ಕಾಗದದ ಮೇಲೆಯೇ ಕಂಡಿತ್ತು. ನನ್ನ ಎಂಜಿನ್‌ನ ಗವರ್ನರ್, ಅಂದರೆ ವೇಗ ಮಿತಿ ಮೀರದಂತೆ ತಡೆಯುವ ಭಾಗ, ನಿಮಿಷಕ್ಕೆ 2500 ಸುತ್ತಿನ ಹತ್ತಿರ ಲಗಾಮು ಎಳೆಯುತ್ತದೆ. ಹಿಂದಿನ ಆಕ್ಸಲ್‌ನ ಅನುಪಾತ 4.11 (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 4.11 ಸುತ್ತು), ಚಕ್ರದ ವ್ಯಾಸ 28 ಇಂಚು. ಲೆಕ್ಕ ಹಾಕಿದರೆ ಟಾಪ್ ಗೇರಿನಲ್ಲೂ ಗಂಟೆಗೆ 81 ಕಿಲೋಮೀಟರಿಗೆ ಆಟ ಮುಗಿಯುತ್ತದೆ. ಹಾಗಾಗಿ 3.55 ಅನುಪಾತದ ಬೇರೆ ಆಕ್ಸಲ್, ಓವರ್‌ಡ್ರೈವ್‌ನಲ್ಲಿ 0.75 (ಎಂಜಿನ್ 0.75 ಸುತ್ತಿಗೆ ಶಾಫ್ಟ್ ಒಂದು ಸುತ್ತು) ಇರುವ ಐದು ಗೇರಿನ ಪೆಟ್ಟಿಗೆ. ಈಗ ನೂರು ಕಿಲೋಮೀಟರ್ ವೇಗದಲ್ಲಿ ಎಂಜಿನ್ 2000 ಸುತ್ತಿನಲ್ಲಿ ನೆಮ್ಮದಿಯಾಗಿರುತ್ತದೆ.

ಆಕ್ಸಲ್ ಬದಲಿಸುವುದೆಂದರೆ ನಾಲ್ಕು ಬೋಲ್ಟಿನ ಮಾತಲ್ಲ. ಈ ಗಾಡಿಯಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ತಿರುಗುವ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ. ಚಕ್ರ ಗಾಡಿಯನ್ನು ಮುಂದಕ್ಕೆ ನೂಕುವ ಬಲ ಆ ಟಾರ್ಕ್ ಟ್ಯೂಬ್ ಮೂಲಕವೇ ಮುಂದೆ ಹೋಗುತ್ತದೆ. ಅದನ್ನು ತೆಗೆದು ಬಯಲು ಶಾಫ್ಟ್ ಹಾಕಿದ ಕೂಡಲೇ ಆ ನೂಕು ಲೀಫ್ ಸ್ಪ್ರಿಂಗ್‌ಗಳ ಹೆಗಲಿಗೆ ಬೀಳುತ್ತದೆ. ಆದ್ದರಿಂದ ಹಿಂದಿನ ಸ್ಪ್ರಿಂಗ್‌ಗಳನ್ನೂ ಅವುಗಳ ಹಿಡಿಕೆಗಳನ್ನೂ ಹೊಸದಾಗಿ ಮಾಡಿದೆ. ಆಮೇಲೆ ಆಕ್ಸಲ್ ಮೇಲಿನ ಸ್ಪ್ರಿಂಗ್ ಪೀಠಗಳನ್ನು ಗಾಡಿ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಪೂರ್ತಿ ವೆಲ್ಡ್ ಮಾಡಿಬಿಟ್ಟೆ. ನನ್ನ ಅತಿ ದೊಡ್ಡ ತಪ್ಪು ಇದೇ. ಸಾಮಾನು ಹೇರುವ ತೊಟ್ಟಿ, ಟ್ಯಾಂಕು ಎಲ್ಲ ಸೇರಿ ಭಾರ ಕೂತಾಗ ಪಿನಿಯನ್ ಕೋನ (ಶಾಫ್ಟ್ ಬಂದು ಸೇರುವ ಆಕ್ಸಲ್ ಮೂತಿಯ ಓರೆ) ಮೂರೂವರೆ ಡಿಗ್ರಿ ತಪ್ಪಿತ್ತು. ಅರವತ್ತರ ವೇಗ ದಾಟಿದರೆ ಸೀಟಿನಡಿ ಜೇನುಗೂಡು ಕಟ್ಟಿದಂತೆ ಗುಂಯ್‌ಗುಡುತ್ತಿತ್ತು. ಪೀಠಗಳನ್ನು ಗ್ರೈಂಡರಿನಿಂದ ಕೊಯ್ದು ತೆಗೆದೆ. ಈ ಸಲ ಚುಕ್ಕಿ ವೆಲ್ಡ್ ಮಾತ್ರ ಹಾಕಿ, ಚಕ್ರಗಳನ್ನು ನೆಲಕ್ಕಿಳಿಸಿ, ಗೇರ್‌ಬಾಕ್ಸಿನ ಬಾಲದ ಓರೆಗೂ ಪಿನಿಯನ್ ಓರೆಗೂ ತಾಳೆ ನೋಡಿ, ಆಮೇಲೆ ಪೂರ್ತಿ ಬೆಸೆದೆ.

ಬ್ರೇಕಿನದು ಬೇರೆ ಕಥೆ. ಡೀಸೆಲ್ ಎಂಜಿನ್‌ನ ಗಾಳಿ ದಾರಿಯಲ್ಲಿ ಥ್ರಾಟಲ್ ಮುಚ್ಚಳ ಇಲ್ಲ, ಆದ್ದರಿಂದ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದ ನಿರ್ವಾತ ಹುಟ್ಟುವುದಿಲ್ಲ. ಪವರ್ ಸ್ಟೀರಿಂಗ್ ಪಂಪಿನ ಎಣ್ಣೆ ಒತ್ತಡದಿಂದ ನಡೆಯುವ ಬೂಸ್ಟರ್ ಹಾಕಿ, ಮುಂದೆ ಡಿಸ್ಕ್ ಕೂರಿಸಿದೆ. ಸುಮಾರು 340 ಕಿಲೋ ತೂಗುವ ಎಂಜಿನ್ ಮೂತಿಯಲ್ಲಿರುವಾಗ ಹಳೆಯ ಡ್ರಮ್‌ಗಳನ್ನು ನಂಬುವುದು ನನಗೆ ಒಪ್ಪಿಗೆಯಾಗಲಿಲ್ಲ. ವೈಪರ್ ಕೂಡ ಇದೇ ನಿರ್ವಾತದಿಂದ ನಡೆಯುತ್ತಿದ್ದದ್ದು, ಅದು ನೆನಪಾದದ್ದು ಮೊದಲ ಮಳೆಯಲ್ಲಿ.

ಇಂಧನ ಟ್ಯಾಂಕು ಮೂಲದಲ್ಲಿ ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೆ. ಡೀಸೆಲ್ ವಾಸನೆಯಲ್ಲಿ ಕೂರಲಾರೆನೆಂದು ಅದನ್ನು ಹಿಂದಕ್ಕೆ, ತೊಟ್ಟಿಯ ಅಡಿಗೆ ಸಾಗಿಸಿದೆ. ಪಂಪಿನ ಹೆಚ್ಚುವರಿ ಡೀಸೆಲ್ ವಾಪಸ್ ಬರಲು ಎರಡನೆಯ ಕೊಳವೆಯನ್ನೂ ಎಳೆದೆ. ಅಲ್ಲಿಂದ ಶುರುವಾಯಿತು ಕಾಟ: ಬೆಳಗ್ಗೆ ಎಂಜಿನ್ ಎದ್ದು ಐದು ಸೆಕೆಂಡಿಗೆ ಸಾಯುವುದು. ಏರ್ ಹಿಡಿದಿದೆ ಎಂಬುದು ಸ್ಪಷ್ಟ. ಆದರೆ ಎಲ್ಲೂ ಒಂದು ಹನಿ ಸೋರಿಕೆಯಿಲ್ಲ. ಇರುವುದೂ ಇಲ್ಲ, ಏಕೆಂದರೆ ಹೀರುವ ಕಡೆಯ ಸೋರಿಕೆ ಡೀಸೆಲನ್ನು ಹೊರಬಿಡುವ ಬದಲು ಗಾಳಿಯನ್ನು ಒಳಗೆಳೆಯುತ್ತದೆ. ಕೊನೆಗೆ ಫಿಲ್ಟರಿನ ಮುಂದೆ ಒಂದು ಗೇಣು ಪಾರದರ್ಶಕ ಕೊಳವೆ ಹಾಕಿ ಟಾರ್ಚ್ ಹಿಡಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಸಾಗುತ್ತಿದ್ದವು. ಕೊಳವೆಯನ್ನು ಜಾಯಿಂಟಿನಿಂದ ಜಾಯಿಂಟಿಗೆ ಹಿಂದಕ್ಕೆ ಸರಿಸುತ್ತ ಹೋದಾಗ ಟ್ಯಾಂಕಿನ ಬಾಯಲ್ಲೇ ಸಿಕ್ಕಿತು. ಉಕ್ಕಿನ ಕೊಳವೆಯ ತುದಿಯಲ್ಲಿ ನಾನೇ ಅರದಿಂದ ಉಜ್ಜುವಾಗ ಬಿದ್ದ ಉದ್ದುದ್ದದ ಗೀರು. ರಬ್ಬರ್ ಕೊಳವೆಗೆ ಎಷ್ಟು ಕ್ಲಿಪ್ ಬಿಗಿದರೂ ಆ ಗೀರಿನ ದಾರಿ ಮುಚ್ಚಿರಲಿಲ್ಲ.

ನಡುಕವೊಂದು ಉಳಿದಿದೆ. ದೊಡ್ಡ ಸಿಲಿಂಡರಿನ ನಾಲ್ಕು, ಬ್ಯಾಲೆನ್ಸ್ ಶಾಫ್ಟ್ ಇಲ್ಲ. ಮೊದಲು ಹಾಕಿದ್ದ ಗಟ್ಟಿ ಮೌಂಟಿಂಗ್‌ಗಳಲ್ಲಿ ನಿಂತ ಗಾಡಿಯ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲ. ದ್ರವ ತುಂಬಿದ ಮೌಂಟಿಂಗ್ ಹಾಕಿದ ಮೇಲೆ ಹಿಂದಿರುವುದು ಕಾರೋ ಲಾರಿಯೋ ಎಂಬುದಾದರೂ ತಿಳಿಯುತ್ತದೆ.