ಟರ್ಬೊ ಕಾರು ನಿಂತಲ್ಲೇ ಗಡಗಡ ಅಂದಾಗ: ನನ್ನ ಅನುಭವ

ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಭಾಗ) ಇರುವ ಗಾಡಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುತ್ತಿರುವಾಗ, ನಡುಗಿದರೆ ಸಾಕು, ನೋಡಿದವರೆಲ್ಲ ಟರ್ಬೊ ಮೇಲೇ ಗೂಬೆ ಕೂರಿಸುತ್ತಾರೆ. ಪಾಪ, ಐಡಲ್‌ನಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ. ಆಗ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಒಳಗೆ ಇರುವುದು ವ್ಯಾಕ್ಯೂಮ್, ಅಂದರೆ ಹೊರಗಿಗಿಂತ ಕಮ್ಮಿ ಒತ್ತಡ. ಆಕ್ಸಿಲರೇಟರ್ ಒತ್ತಿ ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿ ತುಂಬಿದಾಗ, ಅದೇ ಜಾಗದಲ್ಲಿ ಒತ್ತಡ. ಹಾಗಾಗಿ ಥ್ರಾಟಲ್ ಅನ್ನುವ ಗಾಳಿ ಬಾಗಿಲಿಗೂ ಇಂಜಿನ್‌ಗೂ ನಡುವೆ ಒಂದು ಸಣ್ಣ ತೂತಿದ್ದರೂ ನಿಂತಾಗ ಗಾಳಿ ಒಳಗೆ ಎಳೆಯುತ್ತದೆ, ಬೂಸ್ಟ್‌ನಲ್ಲಿ ಹೊರಗೆ ತಳ್ಳುತ್ತದೆ.

ನನ್ನದು ಟರ್ಬೊ ಪೆಟ್ರೋಲ್. ತುಮಕೂರಿನ ಬಿ.ಎಚ್. ರಸ್ತೆ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಸ್ಟೇರಿಂಗ್ ನಡುಗುತ್ತಿತ್ತು, ಆರ್‌ಪಿಎಂ ಮುಳ್ಳು 600ಕ್ಕೂ 900ಕ್ಕೂ ಓಡಾಡುತ್ತಿತ್ತು. ಕ್ಯಾತ್ಸಂದ್ರ ದಾಟಿ ಹೈವೇ ಹತ್ತಿದರೆ ಏನೂ ತಕರಾರಿಲ್ಲ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಪಿ0171, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಜೊತೆಗೆ ಪಿ0302, ಎರಡನೇ ಸಿಲಿಂಡರ್ ಮಿಸ್ಸಿಂಗ್, ಅಂದರೆ ಅಲ್ಲಿ ಸರಿಯಾಗಿ ಉರಿಯುತ್ತಿಲ್ಲ.

'ಕಾಯಿಲ್ ಹಾಕ್ಸಿಬಿಡಿ ಸಾರ್, ಸರಿಹೋಗುತ್ತೆ' ಅಂದರು ಪರಿಚಯದ ಮೆಕ್ಯಾನಿಕ್. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಹೊಸದು ಯಾಕೆ, ಒಂದನೇ ಸಿಲಿಂಡರಿನದನ್ನು ಎರಡಕ್ಕೆ, ಎರಡರದ್ದನ್ನು ಒಂದಕ್ಕೆ ಹಾಕಿ ನೋಡಿದರೆ ಆಯಿತಲ್ಲ? ಕಾಯಿಲ್ ಕೆಟ್ಟಿದ್ದರೆ ಕೋಡ್ ಪಿ0301 ಆಗಬೇಕು. ಆಗಲಿಲ್ಲ. ಪ್ಲಗ್‌ಗಳೂ ಚೆನ್ನಾಗಿದ್ದವು.

ಆಮೇಲೆ ನೋಡಿದ್ದು ಫ್ಯೂಯಲ್ ಟ್ರಿಮ್, ಅಂದರೆ ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡುತ್ತಿದೆ ಅನ್ನುವ ಲೆಕ್ಕ. ಬಿಡಿಭಾಗ ಕೊಳ್ಳುವ ಮೊದಲು ಎಲ್ಲರೂ ನೋಡಬೇಕಾದ್ದು ಇದು, ಆದರೆ ಕೋಡ್ ಓದಿ ಸ್ಕ್ಯಾನರ್ ಕಿತ್ತಿಡುವವರೇ ಜಾಸ್ತಿ. ಶಾರ್ಟ್ (ಆ ಕ್ಷಣದ) ಮತ್ತು ಲಾಂಗ್ (ದೀರ್ಘಾವಧಿಯ) ಟ್ರಿಮ್ ಎರಡನ್ನೂ ಕೂಡಿಸಿದಾಗ ಐಡಲ್‌ನಲ್ಲಿ ಸುಮಾರು ಪ್ಲಸ್ 24 ಇತ್ತು. 2500 ಆರ್‌ಪಿಎಂನಲ್ಲಿ ಹಿಡಿದರೆ 5ಕ್ಕೆ ಇಳಿಯಿತು. ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಹೀಗಾದರೆ ಮೊದಲ ಅನುಮಾನ ವ್ಯಾಕ್ಯೂಮ್ ಲೀಕ್ ಮೇಲೆ. ಎರಡೂ ಕಡೆ ಜಾಸ್ತಿ ಇದ್ದಿದ್ದರೆ ಫ್ಯೂಯಲ್ ಪಂಪ್, ಇಂಜೆಕ್ಟರ್, ಕೊಳೆಯಾದ ಸೆನ್ಸರ್ ಕಡೆ ಹೋಗಬೇಕಿತ್ತು.

ಇನ್ನೊಂದು ಮಾತು. ಇಂಜಿನ್ ಆಫ್ ಇಟ್ಟು ಕೀ ಆನ್ ಮಾಡಿದಾಗ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 92 ಕಿಲೋಪಾಸ್ಕಲ್ ಆಸುಪಾಸು ತೋರಿಸಿತು. 101 ಇರಬೇಕಲ್ವಾ ಅಂತ ಗಾಬರಿಯಾಗಬೇಡಿ. 101 ಸಮುದ್ರಮಟ್ಟದ ಲೆಕ್ಕ, ತುಮಕೂರು ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ.

ಲೀಕ್ ಹುಡುಕಲು ಕೆಲವರು ಕಾರ್ಬ್ ಕ್ಲೀನರ್ ಸ್ಪ್ರೇ ಮಾಡುತ್ತಾರೆ. ಬಿಸಿ ಟರ್ಬೊ ಪಕ್ಕದಲ್ಲಿ ದಯವಿಟ್ಟು ಬೇಡ, ಅದು ಹೊತ್ತಿಕೊಳ್ಳುವ ವಸ್ತು. ನಾನು ಬಾನೆಟ್ ಎತ್ತಿ, ರೇಡಿಯೇಟರ್ ಫ್ಯಾನ್ ನಿಲ್ಲುವ ತನಕ ಕಾದು, ಸುಮ್ನೆ ಕಿವಿಗೊಟ್ಟೆ. ಟ್ಯಾಪೆಟ್ ಕವರ್ ಕಡೆಯಿಂದ ಸಣ್ಣ 'ಸ್ಸ್ಸ್' ಸದ್ದು. ಆಯಿಲ್ ಮುಚ್ಚಳ ತೆಗೆಯಲು ಹೋದರೆ ಒಳಗಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿ. ಕವರ್ ಮೇಲೆ ಒಂದು ಗುಂಡು ಉಬ್ಬು, ಅದರ ಅಂಚಿನಲ್ಲಿ ಸೂಜಿ ಹೋಗುವಷ್ಟು ತೂತು. ಬೆರಳು ಇಟ್ಟೆ, ಸದ್ದು ನಿಂತಿತು, ಮುಳ್ಳು 750ರ ಹತ್ತಿರ ಕೂತಿತು. ಬೆರಳು ತೆಗೆದೆ, ಮತ್ತೆ ಗಡಗಡ. ಪಕ್ಕದಲ್ಲಿದ್ದ ತಮ್ಮ 'ಇಷ್ಟೇನಾ?' ಅಂದ.

ಇಷ್ಟೇ. ಆ ಉಬ್ಬಿನೊಳಗಿರುವ ಪಿಸಿವಿ ವಾಲ್ವ್‌ನ ರಬ್ಬರ್ ಡಯಾಫ್ರಾಮ್ (ತೆಳು ಪೊರೆ) ಹರಿದಿತ್ತು. ಇಂಜಿನ್ ಒಳಗಿನ ಆವಿಯನ್ನು ಹದವಾಗಿ ಇಂಟೇಕ್‌ಗೆ ಬಿಡುವ ಭಾಗ ಅದು. ಪೊರೆ ಹರಿದರೆ ಉಬ್ಬಿನ ಅಂಚಿನ ಆ ಉಸಿರು ತೂತಿನಿಂದ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ.

ನನ್ನ ಗಾಡಿಗೆ ವಾಲ್ವ್ ಬಿಡಿಯಾಗಿ ಬರುವುದಿಲ್ಲ, ಕವರ್ ಪೂರ್ತಿ ತರಿಸಬೇಕಾಯಿತು. ಪ್ಲಾಸ್ಟಿಕ್ ಕವರ್ ಆದ್ದರಿಂದ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಸಿದೆ. ಕೈಬಲ ತೋರಿಸಿದರೆ ಕವರ್ ಬಿರುಕು ಬಿಡುತ್ತದೆ. ಕೋಡ್ ಅಳಿಸಿ, ದೇವರಾಯನದುರ್ಗದ ಏರಿನಲ್ಲಿ ಓಡಿಸಿ, ಬಂದು ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವ ಭಾಗ) ಪೈಪಿನ ಕ್ಲಿಪ್‌ಗಳ ಸುತ್ತ ಹೊಸದಾಗಿ ಆಯಿಲ್ ಜಿಡ್ಡು ಬಂದಿದೆಯಾ ನೋಡಿದೆ. ಇರಲಿಲ್ಲ. ಟ್ರಿಮ್ 3ರ ಒಳಗೇ ಇತ್ತು.

ನಿಮ್ಮ ಗಾಡಿ ಪೆಟ್ರೋಲ್ ತುಂಬಿಸಿದ ಮೇಲೆ ಮಾತ್ರ ಹೀಗೆ ಆಡುತ್ತಿದ್ದರೆ ಮೊದಲು ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ವಾಲ್ವ್) ನೋಡಿ. ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಮಿಸ್ಸಿಂಗ್ ಇದ್ದು, ಇಂಜಿನ್ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಚಿಮ್ಮುವಂಥದ್ದು) ಆಗಿದ್ದರೆ, ಇಂಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟಿರಬಹುದು. ಇಂಥ ಇಂಜಿನ್‌ನಲ್ಲಿ ಪೆಟ್ರೋಲ್ ಆ ವಾಲ್ವ್‌ಗಳನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿಯಿಂದ ಅದು ಹೋಗುವುದಿಲ್ಲ.